ಹೆಪ್ಪು

ಮೂರು ವರ್ಷ ತುಂಬಿದಾಗಿನಿಂದ ಈರಣ್ಣನ ಹೊಟ್ಟೆ ಒಮ್ಮೆಯೂ ತುಂಬಿರಲಿಲ್ಲ. ಎಂಟು ರೊಟ್ಟಿ ತಿಂದು ಕೈ ತೊಳೆದ ಮೇಲೂ ಅವನು ಬೆಳಗಿನಿಂದ ಉಪವಾಸವಿದ್ದವನಂತೆ ತಟ್ಟೆ ನೋಡುತ್ತ ಕೂಡುತ್ತಿದ್ದ. ಅಡುಗೆಮನೆಗೆ ಬೀಗ ಹಾಕಿದರೆ ದೇವರ ಮುಂದಿನ ನೈವೇದ್ಯ, ಅದೂ ಸಿಗದಿದ್ದರೆ ಬೀದಿಯ ದನಕ್ಕೆ ಇಟ್ಟ ಕಲಗಚ್ಚು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಮ್ಮೆ ಎರಡು ಕಿಲೋ ಹಸಿ ಜೋಳದ ಹಿಟ್ಟು ನುಂಗಿ ಆಸ್ಪತ್ರೆ ಸೇರಿದ್ದ. ಇಪ್ಪತ್ತಾರರಲ್ಲಿ ಮತ್ತೆ ಹಾಗೇ ಆದಾಗ ಡಾಕ್ಟರು ಅವನ ಅಕ್ಕನನ್ನು ಹೊರಗೆ ಕರೆದು, "ಇನ್ನೊಮ್ಮೆ ಹಿಂಗಾದ್ರ ಹೊಟ್ಟಿ ಹರೀತದ, ಉಳಸಾಕ ಆಗೂದಿಲ್ಲ" ಎಂದಿದ್ದರು.

ಅಕ್ಕನ ಹೆಸರು ನೀಲಾಂಬಿಕಾ. ತಾಯಿ ತಂದೆ ತೀರಿದ ಮೇಲೆ ತಮ್ಮನನ್ನು ಧಾರವಾಡದ ಮಾಳಮಡ್ಡಿಯ ತನ್ನ ಬಾಡಿಗೆ ಮನೆಗೆ ಕರೆತಂದಿದ್ದಳು. ಮದುವೆಯಾಗಲಿಲ್ಲ, ಮನೆಯ ಬಾಗಿಲುಗಳಿಗೆಲ್ಲ ಬೀಗವಿರುವ ಹೆಣ್ಣನ್ನು ನೋಡಲು ಬಂದವರು ಚಹಾ ಕುಡಿದು ಹೋಗಿಬಿಡುತ್ತಿದ್ದರು. ಊರ ಹೊರಗಿನ ಒಂದು ಆಹಾರ ಸಂಶೋಧನಾಲಯದಲ್ಲಿ ಅವಳು ಸೂಕ್ಷ್ಮಜೀವಿ ವಿಜ್ಞಾನಿ. ಅವಳ ಕೆಲಸವೆಲ್ಲ ಒಂದೇ ಒಂದು ಹಾರ್ಮೋನಿನ ಮೇಲೆ.

ನಾವು ತಿಂದದ್ದರ ಜಿಡ್ಡು ಸಣ್ಣಕರುಳಿನ ಮೇಲ್ಭಾಗಕ್ಕೆ ಇಳಿದೊಡನೆ ಅಲ್ಲಿಯ ಕೆಲವು ಕೋಶಗಳು ಒಂದು ಪುಟ್ಟ ಪೆಪ್ಟೈಡನ್ನು, ಅಂದರೆ ಅಮೈನೋ ಆಮ್ಲಗಳ ಚಿಕ್ಕದೊಂದು ಸರವನ್ನು, ಹೊರಬಿಡುತ್ತವೆ. ಕೊಲೆಸಿಸ್ಟೊಕೈನಿನ್ ಎಂಬ ಉದ್ದ ಹೆಸರಿನ ಅದನ್ನು ಲ್ಯಾಬಿನವರು ಸಿಸಿಕೆ ಎನ್ನುತ್ತಾರೆ. ಅದು ಪಿತ್ತಕೋಶವನ್ನು ಹಿಂಡುತ್ತದೆ, ಜಠರದ ಬಾಗಿಲನ್ನು ಅರೆಮುಚ್ಚುತ್ತದೆ, ಕರುಳಿನಿಂದ ತಲೆಗೆ ಹೋಗುವ ನರವನ್ನು ತಟ್ಟಿ ‘ಸಾಕು’ ಎಂದು ಹೇಳಿಕಳಿಸುತ್ತದೆ. ಈರಣ್ಣನ ಕರುಳು ಹೇಳುತ್ತಿತ್ತು. ಅವನ ಮಿದುಳಿಗೆ ಕೇಳುತ್ತಿರಲಿಲ್ಲ. ಚಿಕ್ಕಂದಿನಿಂದಲೇ ಆ ಕಿವಿ ಮಂದ.

ಕಿವಿ ರಿಪೇರಿ ಮಾಡಲು ಬಾರದಿದ್ದರೆ ದನಿಯನ್ನೇ ಏಕೆ ಎತ್ತರಿಸಬಾರದು ಎಂದು ಅವನು ಹಿಟ್ಟು ನುಂಗಿದ ವರ್ಷವೇ ನೀಲಾಂಬಿಕಾಗೆ ಹೊಳೆದಿತ್ತು. ಏಳು ವರ್ಷ ಕೂತು ಮೊಸರಿನ ಒಂದು ಬ್ಯಾಕ್ಟೀರಿಯಾಕ್ಕೆ ಆ ಹಾರ್ಮೋನು ತಯಾರಿಸುವ ಜೀನು ಜೋಡಿಸಿದಳು. ಅದು ಕರುಳಿನ ಗೋಡೆಗೆ ಅಂಟಿ ಬದುಕುತ್ತದೆ. ಜಿಡ್ಡು ಕಂಡೊಡನೆ ಸಿಸಿಕೆ ಉಗುಳುತ್ತದೆ, ನರದ ಪಕ್ಕದಲ್ಲೇ ನಿಂತು ಕೂಗಿದ ಹಾಗೆ. ಹೊರಗೆ ಹರಡಬಾರದೆಂದು ಒಂದು ಕಟ್ಟುಪಾಡೂ ಇತ್ತು: ಪ್ರಕೃತಿಯಲ್ಲಿ ಎಲ್ಲೂ ಸಿಗದ ಒಂದು ಬಿಳಿ ಪುಡಿ ಬೆರೆಸದಿದ್ದರೆ ಅದು ಮೂರು ದಿನಕ್ಕೆ ಸಾಯುತ್ತದೆ.

ಇಲಿಗಳಲ್ಲಿ ಸರಿಯಾಗಿ ಕೆಲಸ ಮಾಡಿತು. ಸಂಶೋಧನಾಲಯದ ನಿರ್ದೇಶಕ ಮೆಹಬೂಬ್ ಹೊಸಮನಿ ಕಡತ ಮುಚ್ಚಿ ಹೇಳಿದರು: "ಭಾಳ ಚಲೋ ಕೆಲಸ ಆಗೇತ್ರಿ. ಆದ್ರ ಮನುಷ್ಯಾರಿಗೆ ಕೊಡಬೇಕಂದ್ರ ಇನ್ನ ಐದು ವರ್ಷ ಪರೀಕ್ಷಾ ಆಗಬೇಕು. ನಿಮಗೂ ಗೊತ್ತೈತಿ."

"ಅವನ ಕಡೆ ಐದು ವರ್ಷ ಇಲ್ರಿ ಸರ್."

"ಗೊತ್ತವ್ವಾ," ಎಂದರು ಅವರು. ಹಾಗೆ ಕರೆದದ್ದು ಅದೇ ಮೊದಲು. "ಆದ್ರೂ ಕೊಡಾಕ ಬರೂದಿಲ್ಲ."

ಮರುದಿನ ಸಂಜೆ ಅವಳು ಸ್ಟೀಲ್ ಡಬ್ಬಿಯೊಂದರಲ್ಲಿ ಮೂರು ಚಮಚ ಮೊಸರು, ಜೊತೆಗೆ ಒಂದು ಪೊಟ್ಟಣ ಬಿಳಿ ಪುಡಿ ತುಂಬಿಕೊಂಡು ಮನೆಗೆ ಹೋದಳು. ಗೇಟಿನ ಸೆಕ್ಯುರಿಟಿಯವನು ಎಂದಿನಂತೆ ಅವಳ ಚೀಲ ನೋಡಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಈರಣ್ಣ ನಾಲ್ಕನೇ ರೊಟ್ಟಿಯ ಅರ್ಧಕ್ಕೆ ಕೈ ನಿಲ್ಲಿಸಿದ. ತಟ್ಟೆಯ ಕಡೆ, ಅಕ್ಕನ ಕಡೆ, ಮತ್ತೆ ತಟ್ಟೆಯ ಕಡೆ ನೋಡಿದ. ಮುಖದಲ್ಲಿ ಗಾಬರಿ.

"ಅಕ್ಕಾ, ಹೊಟ್ಯಾಗ ಏನೋ ಆಗಾಕತ್ತೈತಿ."

"ನೋವಾ?"

"ನೋವಲ್ಲ. ಒಂಥರಾ..." ಎಲ್ಲರೂ ದಿನಕ್ಕೆರಡು ಬಾರಿ ಆಡುವ ಮಾತು ಅವನ ನಾಲಿಗೆಗೆ ಹೊಸದು. "ಬ್ಯಾಡ ಅನಸ್ತೈತಿ. ಸಾಕು ಅನಸ್ತೈತಿ."

ನೀಲಾಂಬಿಕಾ ಎದ್ದು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಮುಂದಿನ ತಿಂಗಳು ಅಡುಗೆಮನೆಯ ಬೀಗ ತೆಗೆದಳು. ಈರಣ್ಣ ಮೊದಲ ಸಲ ಆ ಕೋಣೆಯಲ್ಲಿ ಒಬ್ಬನೇ ನಿಂತ. ಡಬ್ಬಿಗಳ ಮೇಲಿನ ಧೂಳು ಒರೆಸಿದ, ಹಾಲು ಕಾಯಿಸಲು ಕಲಿತ, ಅಕ್ಕ ಬರುವಷ್ಟರಲ್ಲಿ ಅನ್ನಕ್ಕಿಟ್ಟು ಕಾಯುವುದನ್ನು ಕಲಿತ. ಸೊಂಟದ ಸುತ್ತಳತೆ ಇಳಿಯಿತು. ಬೀದಿಯ ಹುಡುಗರು ಅವನನ್ನು ಕೂಗಿ ಕರೆಯುತ್ತಿದ್ದ ಅಡ್ಡಹೆಸರು ತಾನಾಗಿಯೇ ಮರೆತುಹೋಯಿತು.

ಒಂದು ದಿನ ಅವಳು ಕೆಲಸದಿಂದ ಬಂದಾಗ ಅವನು ಬಾಗಿಲಲ್ಲೇ ನಿಂತಿದ್ದ.

"ಅಕ್ಕಾ, ಬಾಜೂಮನಿ ಶಾಂತವ್ವ ಬಂದಿದ್ಲು. ಅವರ ಮೊಸರು ಕೆಟ್ಟಿತ್ತಂತ, ಹೆಪ್ಪು ಕೇಳಿದ್ಲು. ನಾ ಕೊಟ್ಟೆ." ಅವನ ಮುಖ ಅರಳಿತ್ತು. "ಕೇಳಿದ್ಲು, ಕೊಟ್ಟೆ. ಛಲೋ ಹುಡುಗಪಾ ನೀ ಅಂದ್ಲು."

"ಯಾವ ಮೊಸರು ಕೊಟ್ಟೆ?"

"ನಂದs. ಅದs ಗಟ್ಟಿ ಇತ್ತು."

ಚಪ್ಪಲಿ ಕಳಚುತ್ತಿದ್ದ ಅವಳ ಕೈ ನಿಂತಿತು. ಈಗಲೇ ಪಕ್ಕದ ಮನೆಗೆ ಹೋಗಿ ಆ ಹೆಪ್ಪು ಚೆಲ್ಲಿ ಎನ್ನಬೇಕಿತ್ತು. ಏಕೆ ಎಂದು ಕೇಳುತ್ತಾರೆ. ಚಿಕ್ಕಂದಿನಿಂದ ಕದ್ದು ತಿಂದು, ಬೈಸಿಕೊಂಡು ಬೆಳೆದವನು ಇವತ್ತು ಒಬ್ಬರಿಗೆ ಏನನ್ನೋ ಕೈಯೆತ್ತಿ ಕೊಟ್ಟಿದ್ದಾನೆ. ಅದನ್ನು ಅವನ ಕಣ್ಣೆದುರೇ ಚೆಲ್ಲಿಸಬೇಕು. ಪುಡಿ ಇಲ್ಲದೆ ಮೂರೇ ದಿನದಲ್ಲಿ ಸಾಯುತ್ತದಲ್ಲ ಎಂದುಕೊಂಡಳು. ಇಲಿಗಳ ಪಂಜರದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

"ಛಲೋ ಮಾಡಿದಿ," ಎಂದಳು.

ಶಾಂತವ್ವನ ಸೊಸೆ ಕಸ್ತೂರಿ ಆಗ ಏಳು ತಿಂಗಳ ಬಸುರಿ.

*

ಆ ಬೇಸಿಗೆಯಲ್ಲಿ ಮಾಳಮಡ್ಡಿಯ ಜನಕ್ಕೆ ಊಟ ಸೇರದಾಯಿತು. ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ, ಬಿಸಿಲು ಎಂದುಕೊಂಡರು. ಸಕ್ಕರೆ ಕಾಯಿಲೆಯವರು ಖುಷಿಪಟ್ಟರು. ಹತ್ತು ವರ್ಷ ಬೆಳಗಿನ ವಾಕಿಂಗಿನಲ್ಲಿ ಕರಗದ ಹೊಟ್ಟೆಗಳು ಎರಡು ತಿಂಗಳಲ್ಲಿ ಕರಗಿದವು. ಶಾಂತವ್ವನ ಮನೆಯ ಮೊಸರು ಬೆಣ್ಣೆಯಂತೆ ಹೆಪ್ಪಾಗುತ್ತದೆ ಎಂದು ಹೆಸರಾಗಿ, ಹಿಂದಿನ ಓಣಿಯವರೂ ವಾಟಗ-ಬಟ್ಟಲು ಹಿಡಿದು ಬಂದರು. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವ ರೂಢಿ ಆ ಊರಲ್ಲಿಲ್ಲ.

ಕಸ್ತೂರಿಗೆ ಹೆಣ್ಣುಮಗುವಾಯಿತು. ತೊಟ್ಟಿಲಿಗೆ ಹಾಕಿ ತುಂಗಾ ಎಂದು ಹೆಸರಿಟ್ಟ ದಿನ ನೀಲಾಂಬಿಕಾ ಒಂದು ಕುಲಾವಿ ಹಿಡಿದು ಹೋದಳು. ಮನೆ ತುಂಬ ಹೆಂಗಸರು. ಮಗು ಗದ್ದಲದ ನಡುವೆ ಗಾಢವಾಗಿ ಮಲಗಿತ್ತು.

"ಎಂಥಾ ಶಾಣ್ಯಾ ಕೂಸು ಬಂದೈತಿ ನೋಡ ನೀಲವ್ವ," ಶಾಂತವ್ವ ಹಿಗ್ಗಿನಿಂದ ಹೇಳಿದಳು. "ಹುಟ್ಟಿದಾಗಿಂದ ಒಂದ್ ದಿನಾ ಅತ್ತಿಲ್ಲ. ಎಬಿಸಿದ್ರೂ ಏಳೂದಿಲ್ಲ. ನನ್ನ ಮಗ ಕೂಸಿದ್ದಾಗ ಓಣಿಗೆ ಓಣಿನs ಎದ್ದು ಕೂಡ್ತಿತ್ತು."

ನೀಲಾಂಬಿಕಾ ತೊಟ್ಟಿಲಿಗೆ ಬಗ್ಗಿದಳು. ಮಗುವಿನ ಕೆನ್ನೆ ಒಳಗೆ ಸೇದಿತ್ತು. ನೆತ್ತಿಯ ಮೆತ್ತನೆಯ ಭಾಗ ಬೆರಳಿಟ್ಟರೆ ತಗ್ಗಾಗಿ ಸಿಗುತ್ತಿತ್ತು.

"ಕಸ್ತೂರಿ, ಹಾಲು ಎಷ್ಟ್ ಸಲ ಕುಡೀತಾಳ?"

"ಎರಡ ಸಲ ರೀ ಅಕ್ಕಾರ. ಅದೂ ಎರಡು ಗುಟುಕು ಹೀರತಾಳ, ಮಲಗಿಬಿಡ್ತಾಳ. ಹೊಟ್ಟಿ ತುಂಬತೇತೋ ಏನೋ." ಕಸ್ತೂರಿ ದನಿ ತಗ್ಗಿಸಿದಳು. "ನನಗ ಎದಿ ಕಟ್ಟಿ ಜ್ವರಾ ಬರತಾವ್ರಿ. ಹಿಂಡಿ ಚೆಲ್ಲತೀನಿ."

ಎದೆಹಾಲಿನಷ್ಟು ಜಿಡ್ಡು ಹಸುಗೂಸಿಗೆ ಬೇರೆಲ್ಲಿ ಸಿಗಬೇಕು? ಹಾಲು ಕುಡಿದ ಮಗುವಿಗೆ ನಿದ್ದೆ ತರುವುದೂ ಇದೇ ಸಿಸಿಕೆ ಎಂಬುದು ನೀಲಾಂಬಿಕಾಗೆ ಕಂಠಪಾಠ. ತನ್ನ ಬ್ಯಾಕ್ಟೀರಿಯಾ ಮೂರು ದಿನದಲ್ಲಿ ಸತ್ತಿರಬೇಕು, ಇದು ಬೇರೇನೋ, ಎಂದು ಹೇಳಿಕೊಳ್ಳುತ್ತಲೇ ಅವಳು ಮಗುವಿನ ಹೊಲಸು ಬಟ್ಟೆಯೊಂದನ್ನು ಕೇಳಿ ಪಡೆದು ಚೀಲದಲ್ಲಿ ಹಾಕಿಕೊಂಡಳು. ಹೆಂಗಸರು ವಿಚಿತ್ರವಾಗಿ ನೋಡಿದರು.

ಎರಡು ದಿನಗಳ ನಂತರ ಅವಳು ನಿರ್ದೇಶಕರ ಕೋಣೆಗೆ ಹೋಗಿ ಬಾಗಿಲು ಹಾಕಿದಳು. ನಿಂತೇ ಎಲ್ಲವನ್ನೂ ಹೇಳಿದಳು: ಸ್ಟೀಲ್ ಡಬ್ಬಿ, ಈರಣ್ಣ, ಶಾಂತವ್ವ, ಕೂಸು. ಮೆಹಬೂಬ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪುಡಿ ಇಲ್ಲದs ಹೆಂಗ ಬದುಕ್ತು?"

"ಅದು ಸತ್ತೈತ್ರಿ ಸರ್. ಸಾಯೂಕಿಂತ ಮೊದಲs ಜೀನು ಬ್ಯಾರೇದಕ್ಕ ದಾಟೇತಿ. ಕೂಸಿನ ಹೊಟ್ಯಾಗ ಸಿಕ್ಕಿದ್ದು ನಮ್ಮ ಬ್ಯಾಕ್ಟೀರಿಯಾ ಅಲ್ಲ. ಎಲ್ಲಾರ ಮನಿ ಮೊಸರಿನ್ಯಾಗ, ಎಲ್ಲಾರ ಕರುಳಿನ್ಯಾಗ ಇರೂವಂಥ ಸಾದಾ ಬ್ಯಾಕ್ಟೀರಿಯಾ. ಅದಕ್ಕ ಯಾವ ಪುಡಿನೂ ಬೇಕಾಗಿಲ್ಲ."

ಅವರು ಒಂದು ಹಾಳೆ ಎಳೆದುಕೊಂಡು ಪೆನ್ನು ತೆರೆದರು. ಆಮೇಲೆ, "ಎಷ್ಟು ಮನಿ?" ಎಂದು ಕೇಳಿದರು.

ಆ ವಾರ ಅವರಿಬ್ಬರೂ ಊರಿನ ಬೇರೆಬೇರೆ ಮೂಲೆಗಳ ನಲವತ್ತು ಮನೆಗಳಿಂದ ಮೊಸರು ತರಿಸಿದರು. ಮೂವತ್ತೊಂದರಲ್ಲಿ ಜೀನು ಇತ್ತು. ಅದರಲ್ಲೊಂದು ಮೆಹಬೂಬ್ ಸಾಹೇಬರ ಮನೆಯದೇ. ಹುಬ್ಬಳ್ಳಿಯಿಂದ ತರಿಸಿದ ಹತ್ತರಲ್ಲಿ ಏಳರಲ್ಲಿ ಇತ್ತು. ಅವರು ಬೆಂಗಳೂರಿಗೂ ದಿಲ್ಲಿಗೂ ಬರೆದರು. ತಜ್ಞರು ಬಂದರು, ಮಾದರಿ ಒಯ್ದರು. ಜಿಲ್ಲೆಯಲ್ಲಿ ಮೊಸರು ಮಾರುವುದನ್ನು ನಿಷೇಧಿಸಿದರು. ಆ ಹೊತ್ತಿಗೆ ಅದಕ್ಕೆ ಮೊಸರಿನ ಹಂಗೂ ಉಳಿದಿರಲಿಲ್ಲ. ಕೈಯಿಂದ ಕೈಗೆ, ನೀರಿನಿಂದ ನೀರಿಗೆ ನಡೆಯತೊಡಗಿತ್ತು. ನೀಲಾಂಬಿಕಾಳನ್ನು ಬಂಧಿಸಬೇಕೆಂದು ಆದೇಶ ಬಂತು. ಮೆಹಬೂಬ್ ಸಾಹೇಬರು ಅಧಿಕಾರಿಗಳಿಗೆ ಒಂದೇ ಮಾತು ಹೇಳಿದರು: "ಈ ಜೀವಾಣು ಅಕಿಗೆ ಗೊತ್ತಿದ್ದಷ್ಟು ಮತ್ತ್ಯಾರಿಗೂ ಗೊತ್ತಿಲ್ಲ. ಒಯ್ದ್ರ ಒಯ್ರಿ, ಆಮ್ಯಾಲೆ ಅಕಿ ಇಲ್ಲದs ಏನ್ ಮಾಡ್ತೀರಿ ಹೇಳ್ರಿ." ಅವಳನ್ನು ಲ್ಯಾಬಿನಲ್ಲೇ ಬಿಟ್ಟರು. ಗೇಟಿನಲ್ಲಿ ಇಬ್ಬರು ಪೊಲೀಸರು ಕುಳಿತರು; ಆಸ್ಪತ್ರೆಗೆ ಮಾತ್ರ ಅವಳು ಕಾವಲಿನಲ್ಲಿ ಹೋಗಿಬರಬಹುದಿತ್ತು.

ಮುಂದೆ ಒಂದು ವರ್ಷದಲ್ಲಿ ಅದು ರಾಜ್ಯ ದಾಟಲಿತ್ತು, ಮರುವರ್ಷ ಸಮುದ್ರ ದಾಟಲಿತ್ತು. ಆದರೆ ಈ ಕಥೆ ಧಾರವಾಡ ಬಿಟ್ಟು ಹೊರಗೆ ಹೋಗುವುದಿಲ್ಲ, ಏಕೆಂದರೆ ಎಲ್ಲ ಕಡೆಯೂ ಆದದ್ದು ಇಲ್ಲಿ ಮೊದಲು ಆಯಿತು.

ಹಸಿವಾಗದಿದ್ದರೇನು, ಗಡಿಯಾರ ನೋಡಿ ತಿಂದರಾಯಿತು ಎಂದು ಮೊದಮೊದಲು ಎಲ್ಲರೂ ಅಂದುಕೊಂಡರು. ಮಹಾನಗರ ಪಾಲಿಕೆಯವರು ದಿನಕ್ಕೆ ಮೂರು ಬಾರಿ ಊಟದ ಗಂಟೆ ಬಾರಿಸಲು ಶುರುಮಾಡಿದರು. ದಾರಿಯಲ್ಲಿ ಸಿಕ್ಕವರು ‘ಊಟ ಆತೇನ್ರಿ?’ ಎಂದರೆ ಅದು ಇನ್ನು ಉಪಚಾರದ ಮಾತಾಗಿರಲಿಲ್ಲ. ಕೇಳಿದವರು ಉತ್ತರಕ್ಕಾಗಿ ಕಾಯುತ್ತಿದ್ದರು. ಒಂಟಿಯಾಗಿದ್ದವರು ಮೊದಲು ಹೋದರು, ಕೇಳುವವರಿಲ್ಲದೆ. ಬಸ್‌ಸ್ಟ್ಯಾಂಡಿನಲ್ಲಿ ಭಿಕ್ಷೆ ಬೇಡುವವರು ಕಾಣದಾದಾಗ ಪತ್ರಿಕೆಯೊಂದು ಅದನ್ನು ಊರಿನ ಏಳಿಗೆ ಎಂದು ಬರೆಯಿತು. ಅವರು ಬೇಡುವುದನ್ನು ಬಿಟ್ಟು ಸುಮ್ಮನೆ ಎಲ್ಲೆಲ್ಲೋ ಮಲಗಿದ್ದರು ಎಂಬುದು ಪೌರಕಾರ್ಮಿಕರಿಗೆ ಮಾತ್ರ ಗೊತ್ತಿತ್ತು. ರಂಜಾನ್ ಬಂದಾಗ ಮೆಹಬೂಬ್ ಸಾಹೇಬರು ಎಂದಿನಂತೆ ರೋಜಾ ಹಿಡಿದರು. ಸಂಜೆ ಖರ್ಜೂರ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಿದ್ದು, "ಹಸಿವು ಇದ್ರಲ್ಲಾ ಬಿಡೂದು? ಇಲ್ಲದ್ದನ್ನ ಅಲ್ಲಾಹ್‌ಗೆ ಏನಂತ ಕೊಡ್ಲಿ?" ಎಂದು ನೀಲಾಂಬಿಕಾಳನ್ನು ಕೇಳಿದರು.

ಗಡಿಯಾರ ನೋಡಿ ತಿಂದರೂ ಆಗಲಿಲ್ಲ. ಅದಕ್ಕೆ ಕಾರಣ ಮಿದುಳಿನಲ್ಲಿತ್ತು.

ಸಿಸಿಕೆ ಕರುಳಿನಲ್ಲಷ್ಟೇ ಇರುವುದಿಲ್ಲ. ಮಿದುಳು ಕೂಡ ಅದನ್ನು ತಯಾರಿಸುತ್ತದೆ, ಆದರೆ ಅಲ್ಲಿ ಅದರ ಕೆಲಸಗಳಲ್ಲೊಂದು ಬೇರೆ: ಅಪಾಯ ಕಂಡಾಗ ಭಯ ಹುಟ್ಟಿಸುವುದು. ಕರುಳಿನ ಉದ್ದ ಸರ ರಕ್ತದಿಂದ ಮಿದುಳಿನ ಒಳಕ್ಕೆ ಸುಲಭವಾಗಿ ನುಗ್ಗಲಾರದು. ಆದರೆ ಹೊಸ ಬ್ಯಾಕ್ಟೀರಿಯಾ ಸರವನ್ನು ತುಂಡರಿಸುತ್ತಿತ್ತು. ನಾಲ್ಕೇ ಮಣಿಗಳ ಆ ತುಂಡು ಒಳಗೆ ಜಾರುತ್ತಿತ್ತು. ತಿಂದಷ್ಟೂ ತುಂಡುಗಳು ಹೆಚ್ಚು. ತುಪ್ಪ ಹಾಕಿಕೊಂಡು ಒಂದು ತುತ್ತು ಹೆಚ್ಚಿಗೆ ಉಂಡವರಿಗೆ ಅರ್ಧ ಗಂಟೆಯಲ್ಲಿ ಎದೆ ಹೊಡೆದುಕೊಂಡು, ಅಂಗೈ ಬೆವೆತು, ಯಾರೋ ಬೆನ್ನ ಹಿಂದೆ ನಿಂತಂತಾಗುತ್ತಿತ್ತು. ಮಕ್ಕಳು ತಟ್ಟೆ ಕಂಡರೆ ಚೀರುತ್ತಿದ್ದವು. ಗಂಡಸರು ಊಟದ ಗಂಟೆ ಕೇಳಿದರೆ ಸಂಡಾಸಿನಲ್ಲಿ ಹೋಗಿ ಅಡಗುತ್ತಿದ್ದರು. ಊಟ ಬೇಡವಾಗುವುದು ಹೋಗಿ, ಊಟಕ್ಕೆ ಹೆದರುವುದು ಬಂತು.

"ಹೊಟ್ಯಾಗ ಇದ್ದಾಗ ಸಮಾಧಾನ, ತಲ್ಯಾಗ ಹೋದ್ರ ಅಂಜಿಕಿ," ಎಂದರು ಮೆಹಬೂಬ್ ಸಾಹೇಬರು ಫಲಿತಾಂಶ ಓದಿ. "ಹಾರ್ಮೋನು ಅದs. ಮನಿ ಬ್ಯಾರೆ."

*

ಇಡೀ ಊರಿನಲ್ಲಿ ಸುಖವಾಗಿ ಉಣ್ಣುತ್ತಿದ್ದವನು ಈರಣ್ಣ ಒಬ್ಬನೇ. ಎಲ್ಲರ ಕಿವಿ ಒಡೆಯುವ ಕೂಗು ಅವನ ಮಂದ ಕಿವಿಗೆ ಹದವಾಗಿ ಕೇಳುತ್ತಿತ್ತು. ಹೊತ್ತಿಗೆ ಸರಿಯಾಗಿ ಹಸಿವು, ಉಂಡ ಮೇಲೆ ತೃಪ್ತಿ; ಅಂಜಿಕೆಯೂ ಇಲ್ಲ. ಅವನು ಬಿಸಿ ರೊಟ್ಟಿ ಹಿಚುಕಿ ಮುಟಗಿ ಮಾಡಿಕೊಂಡು ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿ ತಿನ್ನುವುದನ್ನು ನೋಡಲು ಓಣಿಯವರು ಬರತೊಡಗಿದರು. ಬಾಗಿಲಲ್ಲಿ ನಿಂತು, ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದರು. ಮಕ್ಕಳನ್ನು ಮುಂದೆ ಕೂರಿಸಿ, "ನೋಡು, ಮಾಮಾ ಹೆಂಗ ತಿಂತಾನ ನೋಡು, ಹಂಗ ತಿನ್ನಬೇಕು" ಎನ್ನುತ್ತಿದ್ದರು. ಒಬ್ಬ ಹೆಂಗಸು ಅವನ ಬಾಯಿಂದ ಬಿದ್ದ ಅಗುಳು ನೋಡಿ ಬಿಕ್ಕಿದಳು.

ಕೆಲವು ದಿನ ಅವನು ಸುಮ್ಮನಿದ್ದ. ಆಮೇಲೆ ಬಾಗಿಲು ಹಾಕಿಕೊಂಡು ಉಣ್ಣತೊಡಗಿದ. ಒಂದು ದಿನ ಪೊಲೀಸರ ಅನುಮತಿ ಪಡೆದು ಅಕ್ಕನಿಗೆ ಬುತ್ತಿ ತಂದವನು ಲ್ಯಾಬಿನ ವರಾಂಡದಲ್ಲಿ ಕುಳಿತು ಕೇಳಿದ.

"ಅಕ್ಕಾ, ನಾ ಹೆಪ್ಪು ಕೊಟ್ಟಿದ್ದಕ್ಕ ಆತೇನು ಇದೆಲ್ಲಾ?"

ಅವಳು ಬುತ್ತಿಯ ಗಂಟು ಬಿಚ್ಚುತ್ತಿದ್ದಳು.

"ಯಾರಂದ್ರು?"

"ಯಾರೂ ಅಂದಿಲ್ಲ. ನನಗs ಅನಿಸ್ತು."

"ಇಲ್ಲಪಾ," ಎಂದಳು. "ನಿನ್ನಿಂದ ಏನೂ ಆಗಿಲ್ಲ."

ಅವನು ಅವಳ ಮುಖವನ್ನೇ ನೋಡಿದ. ಸುಳ್ಳು ಎಂದು ಗೊತ್ತಾಯಿತೋ ಇಲ್ಲವೋ. ತಲೆ ಆಡಿಸಿ, "ಎರಡು ತುತ್ತರ ಉಣ್ಣು" ಎಂದ. ಅವಳು ಅವನ ಎದುರೇ ಉಂಡಳು. ಅವನು ಹೋದ ಮೇಲೆ ಮೇಜಿನ ಕಾಲು ಹಿಡಿದುಕೊಂಡು ನೆಲದ ಮೇಲೆ ಕುಳಿತು, ಅಂಜಿಕೆ ಇಳಿಯುವವರೆಗೆ ಉಸಿರು ಎಣಿಸಿದಳು.

ಇತ್ತ ತುಂಗಾ ಮೊದಲ ತಿಂಗಳಿನಿಂದಲೇ ಆಸ್ಪತ್ರೆಯಲ್ಲಿದ್ದಳು. ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಜಿಡ್ಡು ತೆಗೆದ ಹಾಲು ಹನಿಹನಿಯಾಗಿ ಹೋಗುತ್ತಿತ್ತು. ಜಿಡ್ಡಿಲ್ಲದೆ ಮಗು ಬೆಳೆಯದು, ಜಿಡ್ಡು ಕೊಟ್ಟರೆ ಮಗು ಏಳದು. ನಾಲ್ಕು ತಿಂಗಳಾದರೂ ತೂಕ ಮೂರು ಕಿಲೋ ದಾಟಲಿಲ್ಲ. ಅವಳಿಗಿಂತ ಹಿಂದೆ ಮುಂದೆ ಹುಟ್ಟಿದ ಕೂಸುಗಳು ಆ ವಾರ್ಡಿನಲ್ಲಿ ಒಂದೊಂದೇ ಕಡಿಮೆಯಾಗುತ್ತಿದ್ದವು. ಯಾವುದೂ ಅಳುತ್ತ ಸಾಯಲಿಲ್ಲ.

ನೀಲಾಂಬಿಕಾ ಒಂದು ಉಪಾಯ ಮುಂದಿಟ್ಟಳು. ಮಗುವಿನ ಕರುಳಿನ ಎಲ್ಲ ಬ್ಯಾಕ್ಟೀರಿಯಾವನ್ನೂ ಔಷಧಿಯಿಂದ ಕೊಂದು, ಹೊರಗಿನ ಒಂದೂ ಸೇರದಂತೆ ಗಾಜಿನ ಕೋಣೆಯಲ್ಲಿ ಬೆಳೆಸುವುದು. ಒಂದು ಮಗುವಿನಲ್ಲಿ ಗೆದ್ದರೆ ಉಳಿದ ಮಕ್ಕಳಿಗೂ ದಾರಿ. ಒಪ್ಪಿಗೆ ಕೇಳಲು ಅವಳೇ ಹೋದಳು. ಕಸ್ತೂರಿ ವಾರ್ಡಿನ ಬೆಂಚಿನ ಮೇಲೆ ಕುಳಿತಿದ್ದಳು. ಅವಳ ಕುಪ್ಪಸದ ತೋಳುಗಳು ಸಡಿಲವಾಗಿ ಜೋತಾಡುತ್ತಿದ್ದವು.

"ಎಲ್ಲಾರೂ ಹೇಳತಾರ್ರಿ, ನೀವs ಮಾಡಿದ್ದಂತ. ಖರೇನs?"

"ಖರೇ."

"ನಿಮ್ಮ ತಮ್ಮಗಾಗಿ."

"ಹೂಂ."

"ಅವ ಉಳದಾನಲ್ರಿ?"

"ಉಳದಾನ."

ಕಸ್ತೂರಿ ಸಡಿಲ ತೋಳನ್ನು ಮೇಲೆ ಸರಿಸಿಕೊಂಡಳು. "ನಾನಾಗಿದ್ರೂ ಒಯ್ತಿದ್ನೇನೋ," ಎಂದಳು. "ಆದ್ರೂ ನಿಮ್ಮನ್ನ ನಾ ಮಾಫಿ ಮಾಡಂಗಿಲ್ರಿ ಅಕ್ಕಾರ. ಮಾಡಾಕ ಆಗಂಗಿಲ್ಲ."

"ಮಾಡಬ್ಯಾಡ."

"ಏನ್ ಮಾಡಬೇಕಂತೀರಿ ಹೇಳ್ರಿ."

ನೀಲಾಂಬಿಕಾ ವಿವರಿಸಿದಳು. ಕೋಣೆಯೊಳಗೆ ಗಾಳಿ ಸೋಸಿ ಬಿಡುತ್ತಾರೆ, ಒಳಗೆ ಹೋಗುವ ನರ್ಸುಗಳು ಮೈತುಂಬ ಮುಸುಕು ಹಾಕುತ್ತಾರೆ, ಹಾಲಿನಪುಡಿಯನ್ನೂ ಕುದಿಸಿ ಶುದ್ಧಿಮಾಡಿ ಕೊಡುತ್ತಾರೆ. ಎಲ್ಲ ಹೇಳಿ ಒಂದನ್ನು ಕೊನೆಗಿಟ್ಟಿದ್ದಳು. "ನೀ ಮುಟ್ಟಂಗಿಲ್ಲ, ಕಸ್ತೂರಿ. ನಿನ್ನ ಹಾಲಿನ್ಯಾಗೂ ಅದು ಐತಿ, ಚರ್ಮದ ಮ್ಯಾಲೂ ಐತಿ."

"ಎಷ್ಟ್ ದಿನಾ?"

"ಗೊತ್ತಿಲ್ಲ."

ಕಸ್ತೂರಿ ಎದ್ದು ಒಳಗೆ ಹೋದಳು. ಮಗುವಿನ ತಲೆ, ಕಿವಿಯ ಹಿಂದಿನ ಭಾಗ, ಅಂಗಾಲು, ಒಂದೊಂದನ್ನೇ ಮೂಸಿ ನೋಡಿದಳು. ಹೊರಗೆ ಬಂದು ಹೆಬ್ಬೆಟ್ಟು ಒತ್ತಲು ಕೈ ಚಾಚಿದವಳು, ನೆನಪಾದವಳಂತೆ ಪೆನ್ನು ಕೇಳಿ ಸಹಿ ಮಾಡಿದಳು. ಬಿಎ ಓದಿದ್ದಳು ಅವಳು.

*

ಔಷಧಿ ಶುರುವಾದ ಎಂಟನೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ತುಂಗಾ ಕಣ್ಣು ತೆರೆದಳು. ತಲೆಯನ್ನು ಅತ್ತ ಇತ್ತ ಹೊರಳಿಸಿದಳು. ತುಟಿ ಮುಂದೆ ಚಾಚಿ ಗಾಳಿಯಲ್ಲಿ ಏನನ್ನೋ ಹುಡುಕಿದಳು. ಆಮೇಲೆ ಮುಖ ಕೆಂಪಾಗಿ, ಮುಷ್ಟಿ ಬಿಗಿದು, ಕಿರುಚಿ ಅತ್ತಳು.

ಗಾಜಿನ ಈಚೆ ಓಣಿಯಂಥ ಉದ್ದ ದಾರಿಯಲ್ಲಿ ನಡೆಯುತ್ತಿದ್ದವರೆಲ್ಲ ನಿಂತರು. ಆ ಆಸ್ಪತ್ರೆಯಲ್ಲಿ ಒಂದು ಮಗು ಹಸಿದು ಅತ್ತು ಎಷ್ಟು ತಿಂಗಳಾಗಿತ್ತೋ. ಕಸ ಗುಡಿಸುತ್ತಿದ್ದ ಹೆಂಗಸು ಕಸಬರಿಗೆ ಹಿಡಿದೇ ಅಳತೊಡಗಿದಳು. ಒಬ್ಬ ವಯಸ್ಸಾದ ಡಾಕ್ಟರು ಗೋಡೆಗೆ ಹಣೆ ಆನಿಸಿ ನಿಂತರು. ಕಸ್ತೂರಿ ಎರಡೂ ಕೈಯಿಂದ ಗಾಜು ಹಿಡಿದಳು. ಅವಳ ಕುಪ್ಪಸ ಮುಂಭಾಗದಲ್ಲಿ ಒದ್ದೆಯಾಯಿತು. ಕೂಗು ಕೇಳಿ ಹಾಲು ತಾನಾಗಿ ಇಳಿದಿತ್ತು.

"ಕುಡಸ್ರಿ! ಲಗೂ ಕುಡಸ್ರೆವ್ವಾ, ಹಸದೈತಿ ನನ್ನ ಕೂಸು!" ಎಂದು ಕೂಗಿದಳು. ನಗುತ್ತಿದ್ದಳು.

ಮುಸುಕಿನ ನರ್ಸು ಬಾಟಲಿ ಇಟ್ಟಳು. ತುಂಗಾ ಗಟಗಟ ಹೀರಿದಳು, ಕೆಮ್ಮಿದಳು, ಮತ್ತೆ ಹೀರಿದಳು, ಮುಗಿದ ಮೇಲೂ ಬಿಡಲಿಲ್ಲ.

ಹತ್ತೊಂಬತ್ತು ದಿನ ಹಾಗೆ ನಡೆಯಿತು. ದಿನಕ್ಕೆ ಎಂಟು ಸಲ ಅಳು, ಎಂಟು ಸಲ ಹಾಲು. ತೂಕ ಮೂರೂಕಾಲು, ಮೂರೂವರೆ, ನಾಲ್ಕಕ್ಕೆ ಹತ್ತಿರ. ಮೆಹಬೂಬ್ ಸಾಹೇಬರು ಇನ್ನೂ ಹತ್ತು ಗಾಜಿನ ಕೋಣೆಗಳಿಗೆ ಬರೆದು ಮಂಜೂರಿ ಪಡೆದರು. ಕಸ್ತೂರಿ ಬೆಳಗಿನಿಂದ ಸಂಜೆಯವರೆಗೆ ಗಾಜಿನ ಹತ್ತಿರವೇ ಕೂಡುತ್ತಿದ್ದಳು. ಮಗು ಅವಳ ಮುಖವನ್ನು ಗುರುತು ಹಿಡಿಯತೊಡಗಿತ್ತು. ಒಂದೆರಡು ಸಲ ನೀಲಾಂಬಿಕಾ ಪಕ್ಕದಲ್ಲಿ ಬಂದು ನಿಂತಾಗ ಕಸ್ತೂರಿ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟಳು.

ಇಪ್ಪತ್ತನೆಯ ದಿನ ಬೆಳಗ್ಗೆ ಆರಕ್ಕೆ ಅಳಬೇಕಿದ್ದ ಮಗು ಅಳಲಿಲ್ಲ. ಏಳಾಯಿತು. ಎಂಟಾಯಿತು. ನರ್ಸು ಬಾಟಲಿಯ ತೊಟ್ಟನ್ನು ತುಟಿಗೆ ಸವರಿದಳು. ತುಂಗಾ ಎರಡು ಗುಟುಕು ಹೀರಿ ಮುಖ ಹೊರಳಿಸಿ ಮಲಗಿದಳು.

ಯಾರ ಕೈಯಿಂದ ಬಂತು ಎಂದು ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಆ ನರ್ಸು ಕುಸಿದು ಕುಳಿತು, ಕೈಗವಸು ಒಮ್ಮೆಯೂ ತೆಗೆದಿಲ್ಲವೆಂದು ಆಣೆ ಮಾಡಿದಳು. ಕಸ್ತೂರಿ, "ನಾ ಮುಟ್ಟಿಲ್ರಿ, ಗಾಜು ಅಷ್ಟs ಹಿಡಿದೀನಿ" ಎಂದು ಮತ್ತೆ ಮತ್ತೆ ಹೇಳಿದಳು. ನೀಲಾಂಬಿಕಾ ಮಾದರಿ ತೆಗೆದುಕೊಂಡು ಲ್ಯಾಬಿಗೆ ಓಡಿದಳು. ಮೂರು ದಿನ ಬೇಕಾಯಿತು.

ಫಲಿತಾಂಶದ ಹಾಳೆಯನ್ನು ಅವಳು ಮೆಹಬೂಬ್ ಸಾಹೇಬರ ಮುಂದಿಟ್ಟಳು. ಅವರು ಎರಡು ಸಾಲು ಹೋಲಿಸಿ ನೋಡಿದರು. ಮೊದಲ ತಿಂಗಳಲ್ಲಿ ಆ ಮಗುವಿನ ಬಟ್ಟೆಯಿಂದ ತೆಗೆದ ಜೀವಾಣು, ಈಗಿನದು. ಎರಡರಲ್ಲೂ ಅದೇ ಗುರುತು. ಊರಲ್ಲಿ ಓಡಾಡುವ ಜೀವಾಣು ಇಷ್ಟು ದಿನದಲ್ಲಿ ಎಷ್ಟೋ ಬದಲಾಗಿತ್ತು, ಇದು ಬದಲಾಗಿರಲಿಲ್ಲ.

"ಹೊರಗಿಂದ ಬಂದಿಲ್ಲ," ಎಂದರು.

"ಹೋಗೇ ಇರಲಿಲ್ರಿ ಸರ್. ಕರುಳಿನ ಗೋಡಿ ಒಳಗ ಹೊಕ್ಕು ಕುಂತಿತ್ತು. ಔಷಧಿ ಅಲ್ಲೀತನಕಾ ಮುಟ್ಟೂದಿಲ್ಲ. ಇನ್ನೂ ಜಾಸ್ತಿ ಕೊಟ್ರ ಕೂಸು ಉಳಿಯೂದಿಲ್ಲ."

"ಮತ್ತ ಆ ಹತ್ತು ಕೋಣಿ?"

ಅವಳು ಬೇಡವೆಂದು ತಲೆಯಾಡಿಸಿದಳು. ಅವರು ಮಂಜೂರಿ ಪತ್ರವನ್ನು ಮಡಚಿ ಕಡತದ ಕೆಳಗೆ ಸರಿಸಿದರು. ಕಿಟಕಿಯಾಚೆ ಲ್ಯಾಬಿನ ಅಂಗಳದಲ್ಲಿ ಇಬ್ಬರು ಪೊಲೀಸರು ಒಬ್ಬರಿಗೊಬ್ಬರು ಬಿಸ್ಕೀಟು ತಿನ್ನಿಸುತ್ತಿದ್ದರು, ಒಬ್ಬ ಕಣ್ಣು ಮುಚ್ಚಿದ್ದ.

ನೀಲಾಂಬಿಕಾ ಆಸ್ಪತ್ರೆಗೆ ಹೋಗಿ ಕಸ್ತೂರಿಗೆ ತಾನೇ ಹೇಳಿದಳು. ಕಸ್ತೂರಿ ಕೂಗಾಡಲಿಲ್ಲ. ಪೂರ್ತಿ ಕೇಳಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಹಂಗಿದ್ರ ಈಗ ನಾ ಒಳಗ ಹೋಗಬಹುದಲ್ರಿ?"

"ಹೋಗಬಹುದು."

ಕಸ್ತೂರಿ ಚಪ್ಪಲಿ ಬಿಟ್ಟು ಗಾಜಿನ ಬಾಗಿಲು ನೂಕಿ ಒಳಗೆ ಹೋದಳು. ನರ್ಸು ಮುಸುಕು ತೆಗೆದು ಬದಿಗೆ ಸರಿದಳು. ಕಸ್ತೂರಿ ಮಗುವನ್ನು ಎತ್ತಿ ಎದೆಗೆ ಅಪ್ಪಿಕೊಂಡು, ಮೊಲೆಯನ್ನು ಬಾಯಿಗಿಟ್ಟಳು. ತುಂಗಾ ಬಾಯಿ ತೆರೆದಳು, ಮುಚ್ಚಿದಳು. ಹಾಲು ಗಲ್ಲದ ಮೇಲಿಂದ ಇಳಿದು ಕೊರಳಿನ ಮಡಿಕೆಯಲ್ಲಿ ನಿಂತಿತು.

ಹೊರಗೆ ಪಾಲಿಕೆಯ ಮಧ್ಯಾಹ್ನದ ಗಂಟೆ ಬಾರಿಸಿತು. ಕಸ್ತೂರಿಗೆ ಮೈ ನಡುಗಿತು. ಆದರೂ ಅವಳು ಗಾಜಿನ ಕಡೆ ತಿರುಗಿ ಕರೆದಳು.

"ಅಕ್ಕಾರ, ಬರ್ರಿ. ಸ್ವಲ್ಪ ಹಿಡೀರಿ ಅಕಿನ್ನ. ನಾ ಉಣ್ಣಬೇಕು. ಅಕಿ ಇದ್ದಷ್ಟು ದಿನಾ ಎದ್ಯಾಗ ಹಾಲರ ಇರ್ಲಿ."

ನೀಲಾಂಬಿಕಾ ಒಳಗೆ ಹೋಗಿ ಕೈ ಚಾಚಿದಳು. ಕಸ್ತೂರಿ ಮಗುವನ್ನು ಅವಳ ತೋಳಿನಲ್ಲಿಟ್ಟು, ತಲೆಯ ಕೆಳಗೆ ಅವಳ ಮೊಣಕೈಯನ್ನು ಸರಿಮಾಡಿದಳು. ಆಮೇಲೆ ನೆಲದ ಮೇಲೆ ಕುಳಿತು ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು ಬಾಯಿಗಿಟ್ಟು, ಅಗಿದು, ನುಂಗಿದಳು. ಎರಡನೆಯ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿನಲ್ಲಿ ಹಣೆಯ ಮೇಲೆ ಬೆವರು ಮೂಡಿ, ಉಸಿರು ಜೋರಾಗಿ, ಅವಳು ಬಾಗಿಲ ಕಡೆ, ಹಿಂದಿನ ಗೋಡೆಯ ಕಡೆ ಹೊರಳಿ ಹೊರಳಿ ನೋಡತೊಡಗಿದಳು. ಕೈ ಮಾತ್ರ ನಿಲ್ಲಲಿಲ್ಲ.

ನೀಲಾಂಬಿಕಾಳ ತೋಳಿನಲ್ಲಿ ತುಂಗಾ ನಿದ್ದೆಯಲ್ಲೇ ಒಮ್ಮೆ ಮೈಮುರಿದು, ಮೆಲ್ಲಗೆ ನಕ್ಕಳು, ಹೊಟ್ಟೆ ತುಂಬಿದ ಮಕ್ಕಳು ನಗುವ ಹಾಗೆ.